ಸರ್ವೀಸ್ ಆದ ಮೇಲೆ ಟ್ರೈಲರ್ ಬ್ರೇಕ್ ಹಿಡಿಯದಿದ್ದರೆ

ಲೈನರ್ (ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಬದಲಿಸಿ, ಹಬ್‌ಗೆ ಗ್ರೀಸ್ ತುಂಬಿಸಿಕೊಂಡು ಗ್ಯಾರೇಜಿನಿಂದ ಹೊರಬಿದ್ದ ಟ್ರೈಲರ್ ಮೊದಲ ಇಳಿಜಾರಿನಲ್ಲೇ ಮುಂದಿನ ಎಂಜಿನ್ ಗಾಡಿಯನ್ನು ದೂಡತೊಡಗುತ್ತದೆ. ಮಾಲೀಕರು ಕೂಡಲೇ ಬ್ರೇಕಿಗೆ ಗಾಳಿ ಬಿಡುವ ರಿಲೇ ವಾಲ್ವ್ ಹೊಸದು ತರಿಸುತ್ತಾರೆ. ಅದನ್ನು ಹಾಕಿದರೂ ಬ್ರೇಕ್ ಅಷ್ಟಕ್ಕಷ್ಟೇ. ನಿನ್ನೆವರೆಗೆ ಸರಿಯಿದ್ದ ಬ್ರೇಕ್ ಇವತ್ತು ಕೈಕೊಟ್ಟಿದ್ದರೆ, ನಿನ್ನೆ ಎಲ್ಲಿ ಕೈ ಹಾಕಲಾಯಿತೋ ಮೊದಲು ಅಲ್ಲೇ ಹುಡುಕಬೇಕು. ಬಿಡಿಭಾಗದ ಅಂಗಡಿಗೆ ಹೋಗುವ ಮುನ್ನ ಕೆಲಸ ಮಾಡಿದವರನ್ನು ಕೇಳಿ, ಬಿಚ್ಚಿದ್ದು ಏನೇನು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಏರ್ ಬ್ರೇಕ್ ಮತ್ತು ಡ್ರಮ್ ಇರುವ ಸೆಮಿ ಟ್ರೈಲರ್‌ಗಳಿಗೆ ಈ ಕ್ರಮ ಅನ್ವಯಿಸುತ್ತದೆ.

ಹಂತ 1. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಗಟ್ಟಿ ಮರದ ದಿಮ್ಮಿ ಕೊಡಿ.

ಹಂತ 2. ಟ್ರೈಲರ್ ಟ್ಯಾಂಕಿನ ನೀರು ಬಿಡುವ ಕಾಕ್ ಮುಚ್ಚಿದೆಯೇ ನೋಡಿ. ಗಾಳಿ ತುಂಬಿಸಿ, ಎಂಜಿನ್ ಆರಿಸಿ, ಪೆಡಲ್ ಒತ್ತಿ ಹಿಡಿಯಿರಿ. ಒಂದು ನಿಮಿಷದಲ್ಲಿ ಗೇಜಿನ ಮುಳ್ಳು (ಚದರ ಸೆಂಟಿಮೀಟರಿಗೆ) ಕಾಲು ಕೆ.ಜಿ.ಗಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಬಿಚ್ಚಿ ಕಟ್ಟಿದ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ.

ಹಂತ 3. ಕೆಂಪು ಪೈಪಿನಲ್ಲಿ ಸದಾ ಗಾಳಿ ಇರುತ್ತದೆ, ಟ್ಯಾಂಕ್ ತುಂಬುವುದು ಅದರಿಂದ. ಹಳದಿಯಲ್ಲಿ ಪೆಡಲ್ ಒತ್ತಿದಾಗ ಮಾತ್ರ ಗಾಳಿ. ಪೈಪ್ ಬದಲಿಸಿದವರು ಇವೆರಡನ್ನು ಅದಲುಬದಲು ಮಾಡಿದ್ದರೆ ಟ್ರೈಲರ್ ಟ್ಯಾಂಕ್ ತುಂಬುವುದೇ ಇಲ್ಲ. ಸ್ಪ್ರಿಂಗ್ ಬ್ರೇಕ್ (ಗಾಳಿ ಇಲ್ಲದಾಗ ಸ್ಪ್ರಿಂಗಿನ ಬಲದಿಂದ ಹಿಡಿಯುವ ಬ್ರೇಕ್) ಇರುವ ಟ್ರೈಲರ್ ಆಗ ಜಾಗ ಬಿಟ್ಟು ಕದಲುವುದಿಲ್ಲ, ತಪ್ಪು ಅಲ್ಲೇ ತಿಳಿಯುತ್ತದೆ. ಸ್ಪ್ರಿಂಗ್ ಇಲ್ಲದ ಹಳೆಯ ಟ್ರೈಲರ್ ಸಲೀಸಾಗಿ ಹೊರಟುಬಿಡುತ್ತದೆ, ಬ್ರೇಕ್ ಒಂದಿಷ್ಟೂ ಇಲ್ಲದೆ. ಪೈಪಿನ ಬಣ್ಣ ನಂಬಬೇಡಿ. ಯಾವ ಪೈಪ್ ಎಲ್ಲಿಗೆ ಹೋಗುತ್ತದೆಂದು ಕೈಯಲ್ಲಿ ಹಿಡಿದು ಕೊನೆವರೆಗೂ ನೋಡಿ.

ಹಂತ 4. ಹೆಚ್ಚಿನವರು ಎಡವುವುದು ಲೈನರ್ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್‌ನಲ್ಲಿ. ಗಾಡಿ ಕೆಳಗೆ ನುಗ್ಗಿ, ನಟ್ ಬಿಗಿ ಮಾಡಿ, ಅಂದಾಜಿನ ಮೇಲೆ ಸಡಿಲಿಸಿ ಎದ್ದು ಬರುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಹೊಂದಾಣಿಕೆಯಲ್ಲ.

ಸ್ಪ್ರಿಂಗ್ ಬ್ರೇಕ್ ಬಿಡಿಸಿ, ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಒಬ್ಬರಿಗೆ ಪೆಡಲ್ ಒತ್ತಲು ಹೇಳಿ, ಲೈನರ್ ಕೂರಿಸಿದ ಶೂಗಳನ್ನು ಅಗಲಿಸುವ ಎಸ್ ಕ್ಯಾಮ್ ಶಾಫ್ಟ್ ಯಾವ ದಿಕ್ಕಿಗೆ ತಿರುಗಿತೋ ಆಕ್ಸಲ್ ಮೇಲೆ ಸೀಮೆಸುಣ್ಣದಲ್ಲಿ ಬಾಣ ಹಾಕಿ. ಪೆಡಲ್ ಬಿಟ್ಟ ಮೇಲೆ ಅಡ್ಜಸ್ಟರ್ ನಟ್ ಸುತ್ತಲಿನ ಲಾಕ್ ಕಾಲರ್ ಒಳಕ್ಕೆ ಒತ್ತಿ ನಟ್ ತಿರುಗಿಸಿ. ಶಾಫ್ಟ್ ಆ ಬಾಣದ ಕಡೆಗೇ ತಿರುಗಬೇಕು. ಉಲ್ಟಾ ತಿರುಗಿದರೆ ನೀವು ಬ್ರೇಕ್ ಸಡಿಲಿಸುತ್ತಿದ್ದೀರಿ. ಲೈನರ್ ಡ್ರಮ್ಮಿಗೆ ತಾಗಿ ಚಕ್ರ ನಿಂತ ಮೇಲೆ ನಟ್ಟನ್ನು ಕಾಲು ಸುತ್ತಿನಿಂದ ಅರ್ಧ ಸುತ್ತಿನೊಳಗೆ ಹಿಂದಕ್ಕೆ ಬಿಡಿ. ಚಕ್ರ ಕೈಯಿಂದ ಸುತ್ತಬೇಕು. ಕೊನೆಗೆ ಕಾಲರ್ ಮತ್ತೆ ಹೊರಗೆ ಬಂದು ನಟ್ ಹಿಡಿದುಕೊಂಡಿದೆಯೇ ನೋಡಿ, ಇಲ್ಲದಿದ್ದರೆ ಓಡುವಾಗಿನ ಅದುರಾಟಕ್ಕೆ ಅದು ತಾನೇ ಸಡಿಲಾಗುತ್ತದೆ.

ಅಳತೆ ತಪ್ಪಿಸಬೇಡಿ. ಗಾಳಿ ತುಂಬುವ ಬ್ರೇಕ್ ಚೇಂಬರ್ ಬಾಯಿಯ ಬಳಿ, ಅದರಿಂದ ಹೊರಬಂದು ಸ್ಲ್ಯಾಕ್ ತಳ್ಳುವ ಪುಶ್ ರಾಡ್ ಮೇಲೆ ಗೆರೆ ಎಳೆದು, ಆರು ಕೆ.ಜಿ. ಗಾಳಿಯಲ್ಲಿ ಪೂರ್ತಿ ಬ್ರೇಕ್ ಹಾಕಿಸಿ, ಗೆರೆ ಎಷ್ಟು ಹೊರಬಂತು ಅಳೆಯಿರಿ. ಸಾಮಾನ್ಯವಾಗಿ ಬಳಸುವ 30 ಚದರ ಇಂಚಿನ ಚೇಂಬರಿಗೆ 2 ಇಂಚು ಗರಿಷ್ಠ ಮಿತಿ. ಅದನ್ನು ದಾಟಿದರೆ ಚೇಂಬರ್ ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ತನ್ನ ಕೊನೆ ಸಮೀಪಿಸುತ್ತದೆ, ತಳ್ಳುವ ಬಲ ಕುಸಿಯುತ್ತದೆ. ಘಾಟಿಯಲ್ಲಿ ಡ್ರಮ್ ಬಿಸಿಯಾಗಿ ಹಿಗ್ಗಿದಾಗ ರಾಡ್ ಇನ್ನಷ್ಟು ಹೊರಬರಬೇಕಾಗುತ್ತದೆ. ಅಂಗಳದಲ್ಲಿ ಹಿಡಿದ ಬ್ರೇಕ್ ಶಿರಾಡಿಯಲ್ಲಿ ಹಿಡಿಯದೇ ಹೋಗುವುದು ಹೀಗೆ. ಎಲ್ಲ ಚಕ್ರಗಳ ಅಳತೆಯನ್ನೂ ಬರೆದಿಡಿ. ಒಂದು ಚಕ್ರದ್ದು ಬೇರೆಯಿದ್ದರೆ ಮೊದಲು ಅಲ್ಲಿಗೆ ಹೋಗಿ.

ಆಟೋಮ್ಯಾಟಿಕ್ ಸ್ಲ್ಯಾಕ್ ಇದ್ದರೆ ಸ್ಪ್ಯಾನರ್ ಹಾಕಿ ಪದೇ ಪದೇ ಬಿಗಿ ಮಾಡಬಾರದು. ಮಿತಿ ಮೀರಿದ ಅಳತೆ ಒಳಗೆ ಬೇರೆ ದೋಷವಿದೆ ಎಂಬ ಸೂಚನೆ. ಅದರ ಬ್ರಾಕೆಟ್ ಬೋಲ್ಟ್ ಹಾಕುವುದನ್ನು ಮರೆತವರನ್ನೂ ನೋಡಿದ್ದೇನೆ. ಎಸ್ ಕ್ಯಾಮ್ ಎಡ, ಬಲ ಬೇರೆ ಬೇರೆ. ಬದಲಾಗಿ ಹೋದರೆ ಚೇಂಬರ್ ಎಷ್ಟು ತಳ್ಳಿದರೂ ಶೂ ಸರಿಯಾಗಿ ಅಗಲುವುದಿಲ್ಲ.

ಹಂತ 5. ಹಬ್ ಗ್ರೀಸ್ ಮಾಡಿಸಿದ್ದರೆ ಡ್ರಮ್ ತೆಗೆದು ನೋಡಲೇಬೇಕು. ಅತಿಯಾಗಿ ತುಂಬಿದ ಗ್ರೀಸ್, ಕೂರಿಸುವಾಗ ಅಂಚು ಮಡಚಿದ ಸೀಲ್, ಎರಡೂ ಲೈನರಿಗೆ ಜಿಡ್ಡು ಹತ್ತಿಸುತ್ತವೆ. ಪೆಟ್ರೋಲಿನಲ್ಲಿ ತೊಳೆದೋ ಬೆಂಕಿಯಲ್ಲಿ ಸುಟ್ಟೋ ಅದೇ ಲೈನರ್ ಹಾಕುವ ಅಡ್ಡದಾರಿ ಬೇಡ. ಜಿಡ್ಡು ಕುಡಿದ ಲೈನರ್ ಬಿಸಿಯಾದಾಗ ಅದನ್ನು ಮತ್ತೆ ಕಕ್ಕುತ್ತದೆ. ಆ ಆಕ್ಸಲಿನ ಎರಡೂ ಬದಿ ಒಂದೇ ಕಂಪನಿಯ, ಒಂದೇ ದರ್ಜೆಯ ಹೊಸ ಲೈನರ್ ಹಾಕಿಸಿ. ಹೆಸರಿಲ್ಲದ ಅಗ್ಗದ ಲೈನರ್ ನಾನಂತೂ ಯಾವ ಟ್ರೈಲರಿಗೂ ಹಾಕಿಸುವುದಿಲ್ಲ.

ಹಂತ 6. ಸ್ಪ್ರಿಂಗ್ ಚೇಂಬರ್ ಬಿಚ್ಚುವಾಗ ಸ್ಪ್ರಿಂಗ್ ಅದುಮಿಡಲು ಹಾಕಿದ ಉದ್ದ ಬೋಲ್ಟ್ ಅಲ್ಲೇ ಉಳಿದಿದ್ದರೆ ಪಾರ್ಕಿಂಗ್ ಬ್ರೇಕ್ ಹಿಡಿಯುವುದಿಲ್ಲ. ಅದನ್ನು ತೆಗೆದು ಚೇಂಬರ್ ಪಕ್ಕದ ಜಾಗದಲ್ಲಿ ಸಿಕ್ಕಿಸಿ. ಆದರೆ ಸ್ಪ್ರಿಂಗ್ ಭಾಗದ ಕ್ಲಾಂಪನ್ನು ಎಂದೂ ಬಿಚ್ಚಬೇಡಿ, ಸಿಡಿದ ಸ್ಪ್ರಿಂಗ್ ಪ್ರಾಣ ತೆಗೆಯುತ್ತದೆ. ಅಂಥ ಚೇಂಬರ್ ಕೆಟ್ಟರೆ ಇಡೀ ಚೇಂಬರ್ ಬದಲಿಸಿ.

ಇಷ್ಟೆಲ್ಲ ನೋಡಿಯೂ ಬ್ರೇಕ್ ತಡವಾಗಿ ಹಿಡಿದರೆ ಈಗ ವಾಲ್ವ್ ಬಿಚ್ಚಿ. ಥ್ರೆಡ್ಡಿಗೆ ಸುತ್ತಿದ ಬಿಳಿ ಟೇಪಿನ ಚೂರು ಒಳಗೆ ಸಿಕ್ಕಿಕೊಂಡಿರಬಹುದು. ಏರ್ ಬ್ರೇಕ್ ಜಾಯಿಂಟಿಗೆ ಆ ಟೇಪ್ ಸುತ್ತಬೇಡಿ. ಪಟ್ಟಾ (ಲೀಫ್ ಸ್ಪ್ರಿಂಗ್) ಕೆಲಸ ಆಗಿದ್ದರೆ, ಹೊರೆಗೆ ತಕ್ಕಂತೆ ಗಾಳಿ ಬಿಡುವ ಲೋಡ್ ಸೆನ್ಸಿಂಗ್ ವಾಲ್ವಿನ ಸರಳನ್ನೂ ನೋಡಿ. ಅದು ಖಾಲಿ ಗಾಡಿಯ ಸ್ಥಾನದಲ್ಲೇ ಉಳಿದಿದ್ದರೆ ತುಂಬಿದ ಟ್ರೈಲರಿಗೆ ಗಾಳಿ ಸಾಲದು.

ಹಂತ 7. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಕೆಲವು ಸಲ ಬ್ರೇಕ್ ಹಾಕಿ ನಿಲ್ಲಿಸಿ. ಇಳಿದು ಪ್ರತಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ತಣ್ಣಗಿರುವ ಡ್ರಮ್ ಕೆಲಸ ಮಾಡುತ್ತಿಲ್ಲ, ಉಳಿದವಕ್ಕಿಂತ ತೀರಾ ಬಿಸಿಯಾದದ್ದು ಬಿಗಿಯಾಗಿ ಉಜ್ಜುತ್ತಿದೆ. ಆ ಚಕ್ರಕ್ಕೆ ನಾಲ್ಕನೇ ಹಂತದಿಂದ ಮತ್ತೆ ಶುರು ಮಾಡಿ. ಎಲ್ಲ ಡ್ರಮ್ಮುಗಳೂ ಒಂದೇ ಸಮ ಬಿಸಿಯಾಗುವವರೆಗೆ ಲೋಡ್ ಹಾಕಬೇಡಿ.