ಪುಣೆಗೆ ಹೊರಡುವ ಮುಂಚೆ ಊರಿನ ಮನೆ ಸಜ್ಜಾಗಲಿ

ಕೆಲಸದ ಪತ್ರ ಕೈಗೆ ಬಂದ ದಿನ ಎಲ್ಲರೂ ಮಾಡುವುದು ಒಂದೇ. ಪುಣೆಯಲ್ಲಿ ಬಾಡಿಗೆ ಎಷ್ಟು, ವಾಕಡ್ ಚಲೋನಾ ಖರಾಡಿ ಚಲೋನಾ ಅಂತ ಮೊಬೈಲ್ ಹಿಡಿದು ಕೂರುವುದು. ನಾನೂ ಅದನ್ನೇ ಮಾಡಿದ್ದೆ. ರೋಣ ತಾಲ್ಲೂಕಿನ ನಮ್ಮೂರು ಬಿಟ್ಟು ಗಂಡ, ಮಗಳ ಜೊತೆ ಇಲ್ಲಿಗೆ ಬಂದು ಈಗ 9 ವರ್ಷ. ಅಪ್ಪ ಅವ್ವನಿಗೆ ನಾನೊಬ್ಬಳೇ ಮಗಳು. ಊರ ಕಡೆಯಿಂದ ಹೊಸದಾಗಿ ಬರುವವರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾರ, ಏನೇನು ಮಾಡ್ಕೊಂಡು ಬರಬೇಕ್ರಿ?" ನಾನು ಮೊದಲು ಹೇಳುವುದು ಇಷ್ಟೇ: ಪುಣೆಯ ಮನೆ ಆಮೇಲೆ ನೋಡೋಣ, ಬಿಟ್ಟು ಬರುವ ಮನೆಯ ಕೆಲಸ ಮೊದಲು ಮುಗಿಸಿ. ಪುಣೆಯಲ್ಲಿ ಮಾಡಿದ ತಪ್ಪನ್ನು ಪುಣೆಯಲ್ಲೇ ಇದ್ದು ತಿದ್ದಿಕೊಳ್ಳಬಹುದು. ಊರಲ್ಲಿ ಬಿಟ್ಟುಹೋದ ಕೆಲಸಕ್ಕೆ ರಾತ್ರೋರಾತ್ರಿ ಓಡಬೇಕಾಗುತ್ತದೆ.

ಮೊದಲ ಹೆಜ್ಜೆ: ಒಂದು ಹಾಳೆ, ಒಬ್ಬ ಮನುಷ್ಯ

ನಾವು ಬಂದ ವರ್ಷವೇ ಒಂದು ರಾತ್ರಿ 11ಕ್ಕೆ ಫೋನ್ ಬಂತು. ಅಪ್ಪ ಬಚ್ಚಲಮನೆಯಲ್ಲಿ ಜಾರಿ ಬಿದ್ದಿದ್ದರು. ತಲೆಗೆ ಪೆಟ್ಟು. ಪಕ್ಕದ ಮನೆಯವರು ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಫೋನಿನಲ್ಲಿ ಕೇಳಿದರು: "ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ?" ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದರೆ, "ಒಂದು ಬಿಳೇದು, ಒಂದು ಗುಲಾಬಿ ಬಣ್ಣದ್ದು, ರಾತ್ರಿ ಅರ್ಧ" ಅಂದಳು. ಕೊನೆಗೆ ಪಕ್ಕದ ಮನೆಯ ಹುಡುಗ ಬೈಕ್ ಮೇಲೆ ಊರಿಗೆ ವಾಪಸ್ ಹೋಗಿ, ಮಾತ್ರೆ ಡಬ್ಬಿಯ ಫೋಟೊ ತೆಗೆದು ಕಳಿಸಿದ. ಅಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು. ಅಪ್ಪ ಹುಷಾರಾದರು. ಆ ಒಂದು ಗಂಟೆ ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ. ಹೊರಡುವ ಮುಂಚೆ ಒಂದು ಹಾಳೆ ಬರೆಯಿರಿ, ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ. ಯಾವ ಮಾತ್ರೆ, ಯಾವ ಹೊತ್ತಿಗೆ, ಯಾವುದಕ್ಕೆ. ಮಾತ್ರೆಯ ಹೆಸರನ್ನು ಡಬ್ಬಿ ಮೇಲೆ ಇದ್ದ ಹಾಗೆಯೇ ಬರೆದುಕೊಳ್ಳಿ. ರಕ್ತದ ಗುಂಪು, ಯಾವ ಔಷಧ ಮೈಗೆ ಒಗ್ಗುವುದಿಲ್ಲ, ಹಿಂದೆ ಆದ ಆಪರೇಷನ್, ನೋಡುವ ಡಾಕ್ಟರ ನಂಬರ್, ಆಂಬುಲೆನ್ಸಿನ 108. ಇಷ್ಟನ್ನೂ ಬರೆದು ಕಪಾಟಿನ ಬಾಗಿಲ ಒಳಗಡೆ ಅಂಟಿಸಿ. ಫೋಟೊ ನಿಮ್ಮ ಮೊಬೈಲಿನಲ್ಲೂ ಇರಲಿ, ಪಕ್ಕದ ಮನೆಯವರ ಮೊಬೈಲಿನಲ್ಲೂ ಇರಲಿ. ಮಾತ್ರೆ ಬದಲಾಗುತ್ತಲೇ ಇರುತ್ತವೆ. ನಾನು ಪ್ರತಿ ಸಲ ಊರಿಗೆ ಹೋದಾಗ ಹಳೇ ಹಾಳೆ ಕಿತ್ತು ಹೊಸದು ಅಂಟಿಸಿ ಬರುತ್ತೇನೆ.

ಇನ್ನು ಮನುಷ್ಯ. "ಊರ ತುಂಬ ನಮ್ಮ ಮಂದಿನೇ ಅದಾರ" ಅಂತ ಸುಮ್ನೆ ಹೊರಡಬೇಡಿ. ಎಲ್ಲರೂ ಇದ್ದಾರೆ ಅಂದುಕೊಂಡರೆ ಹೊತ್ತಿಗೆ ಯಾರು ಬರಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರನ್ನು ಗೊತ್ತು ಮಾಡಿ. ಅವರ ಮನೆಗೆ ಹೋಗಿ, ಎದುರು ಕೂತು, ಬಾಯಿಬಿಟ್ಟು ಕೇಳಿ. ಮನೆಯ ಇನ್ನೊಂದು ಕೀಲಿ ಕೊಡಿ. ಆಸ್ಪತ್ರೆಗೆ ಹೋಗುವ ಹೊತ್ತು ಬಂದರೆ ಕೈಗೆ ಬೇಕು ಅಂತ ಒಂದಷ್ಟು ದುಡ್ಡು ಅವರ ಹತ್ತಿರವೇ ಇಟ್ಟಿರಿ. ಬೇಡ ಅನ್ನುತ್ತಾರೆ, ಆದರೂ ಇಡಿ. ಅವರ ಮನೆಯ ಮದುವೆ, ಸೀಮಂತ ಯಾವುದನ್ನೂ ತಪ್ಪಿಸಬೇಡಿ.

ಎರಡನೇ ಹೆಜ್ಜೆ: ದುಡ್ಡಿನ ದಾರಿ

ತಂದೆ ತಾಯಿ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ಒಬ್ಬರು ದುಡ್ಡು ತೆಗೆಯುವ ಹಾಗೆ ಜಂಟಿ ಮಾಡಿಸಿ. ನಾಮಿನಿ ಹೆಸರು ಇದೆಯೋ ಇಲ್ಲವೋ ನೋಡಿ. ಪಿಂಚಣಿದಾರರು ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. 80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಅಕ್ಟೋಬರಿನಿಂದಲೇ ಅವಕಾಶ ಇದೆ. ಈಗ ಇದನ್ನು ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಮಾಡಬಹುದು. ನೀವು ಎದುರಿಗೆ ಇದ್ದಾಗಲೇ ಮೊಬೈಲ್ ಅವರ ಕೈಗೆ ಕೊಟ್ಟು ಕಲಿಸಿ. ಹೊಲ ಇದ್ದವರು ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ಎಲ್ಲಿಂದ ಬೇಕಾದರೂ ನೋಡಬಹುದು. ಆದರೆ ಹೊರಡುವ ಮುಂಚೆ ಒಮ್ಮೆ ಅಪ್ಪನ ಜೊತೆ ಕೂತು ಸರ್ವೆ ನಂಬರು, ಗಡಿ, ಯಾರಿಗೆ ಪಾಲಿಗೆ ಕೊಟ್ಟಿದೆ, ಏನು ಮಾತಾಗಿದೆ, ಎಲ್ಲ ಬರೆದುಕೊಳ್ಳಿ. ಇದೆಲ್ಲ ಬಹಳಷ್ಟು ಮನೆಗಳಲ್ಲಿ ಅಪ್ಪನ ತಲೆಯಲ್ಲಿ ಮಾತ್ರ ಇರುತ್ತದೆ, ಅಲ್ವಾ?

ಮೂರನೇ ಹೆಜ್ಜೆ: ಊರಲ್ಲೇ ಆಗಬೇಕಾದ ಕಾಗದ

ಮಕ್ಕಳಿದ್ದರೆ ಶಾಲೆಯಿಂದ ಟಿಸಿ ತೆಗೆದುಕೊಳ್ಳಿ. ರಾಜ್ಯ ಬದಲಾಗುವುದರಿಂದ ಅದರ ಮೇಲೆ ಬಿಇಒ ಸಹಿ ಮಾಡಿಸಿಕೊಂಡು ಬನ್ನಿ. ಇಲ್ಲಿಯ ಶಾಲೆಗಳು ಕೇಳುತ್ತವೆ. ಆಮೇಲೆ ಅದೊಂದು ಸಹಿಗೆ ರಜೆ ಹಾಕಿ ಊರಿಗೆ ಹೋಗಬೇಕಾದೀತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದನ್ನು ಹೇಳುವವರು ಕಡಿಮೆ. ಮುಂದೆ ಮಗ ಮಗಳು ಕರ್ನಾಟಕದ ಸಿಇಟಿ ಬರೆದು ಅಲ್ಲಿಯೇ ಇಂಜಿನಿಯರಿಂಗ್ ಓದಲಿ ಅಂತ ಆಸೆ ಇದ್ದರೆ, ಕರ್ನಾಟಕದಲ್ಲಿ ಓದಿದ ವರ್ಷಗಳ ಲೆಕ್ಕ ಬರುತ್ತದೆ. ಹೆಚ್ಚಿನವರು ಅರ್ಜಿ ಹಾಕುವ ನಿಯಮದಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ನಿಯಮಗಳಿವೆ. ಮಗು 5ನೇ ಕ್ಲಾಸೋ 6ನೇ ಕ್ಲಾಸೋ ಓದುತ್ತಿದ್ದರೆ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕವನ್ನು ಈಗಲೇ ಓದಿ. ಒಂದು ವರ್ಷ ಹಿಂದೆ ಮುಂದೆ ಮಾಡಿಕೊಂಡರೆ ಮಗುವಿಗೆ ಒಳ್ಳೆಯದಾಗುವ ಸಂದರ್ಭವೂ ಇರುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರೂ ಒಂದು ಮಾತು ತಿಳಿದಿರಬೇಕು. ಕರ್ನಾಟಕದ ಪ್ರಮಾಣಪತ್ರ ತೋರಿಸಿ ಮಹಾರಾಷ್ಟ್ರ ಸರ್ಕಾರದ ನೌಕರಿಯಲ್ಲಿ ಮೀಸಲಾತಿ ಕೇಳಲು ಬರುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತ ಮಾಡಿದೆ. ಕೇಂದ್ರದ ನೌಕರಿಯಲ್ಲಿ ಮೀಸಲಾತಿ ಕೇಳಲು ಆ ಪ್ರಮಾಣಪತ್ರ ಬೇಕೇ ಬೇಕು. ಹಾಗಾಗಿ ಊರಿನ ತಹಶೀಲ್ದಾರರ ಪ್ರಮಾಣಪತ್ರವನ್ನು ಜೋಪಾನವಾಗಿ ತನ್ನಿ.

ಗ್ಯಾಸ್ ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಿ. ಆ ಚೀಟಿ ತೋರಿಸಿದರೆ ಇಲ್ಲಿ ಹೊಸ ಸಂಪರ್ಕ ಸಲೀಸು. ಅಪ್ಪ ಅವ್ವ ಅದೇ ಸಿಲಿಂಡರಿನಲ್ಲಿ ಅಡುಗೆ ಮಾಡುತ್ತಿದ್ದರೆ ಮುಟ್ಟಲೇಬೇಡಿ. ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಹಾಕಬಹುದು. ಆರ್‌ಸಿ ಪ್ರತಿ, ಗುರುತಿನ ಚೀಟಿ ಬೇಕು, ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು. ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇರುವುದಾದರೆ ಮಹಾರಾಷ್ಟ್ರದ ನಂಬರ್ ಮಾಡಿಸಬೇಕು. ಅದಕ್ಕೆ ನಿಮ್ಮ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ಬೇಕು. ಇಲ್ಲಿ ನಂಬರ್ ಆದ ಮೇಲೆ ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲು ವಾಪಸ್ ಕೇಳಬಹುದು. ಬಹಳ ಜನ ಕೇಳುವುದೇ ಇಲ್ಲ.

ನಾಲ್ಕನೇ ಹೆಜ್ಜೆ: ಪುಣೆಯ ಮನೆ

ಸಂಸಾರ ಸಮೇತ ಒಮ್ಮೆಲೇ ಬರಬೇಡಿ. ಕೆಲಸಕ್ಕೆ ಸೇರುವವರು ಮೊದಲು ಬಂದು 1 ತಿಂಗಳು ಪಿಜಿಯಲ್ಲಿ ಇರಲಿ. ಹಿಂಜೆವಾಡಿ ಪುಣೆಯ ಒಂದು ತುದಿ, ಖರಾಡಿ ಇನ್ನೊಂದು ತುದಿ. ಕೆಲಸ ಹಿಂಜೆವಾಡಿಯಲ್ಲಿದ್ದರೆ ವಾಕಡ್, ಬಾಣೇರ್ ಕಡೆ ನೋಡಿ. ಕಾರ್ಖಾನೆ ಕೆಲಸ ಇದ್ದರೆ ಪಿಂಪ್ರಿ, ಭೋಸರಿ, ಚಾಕಣ ಸುತ್ತಮುತ್ತ. 2,000 ರೂಪಾಯಿ ಬಾಡಿಗೆ ಉಳಿಸಲು ಹೋಗಿ ದಿನಾ 3 ಗಂಟೆ ರಸ್ತೆಯಲ್ಲಿ ಕಳೆದರೆ ಊರಿಗೆ ಫೋನ್ ಮಾಡುವ ಹೊತ್ತೂ ಉಳಿಯುವುದಿಲ್ಲ.

ಮನೆ ನೋಡಲು ಹೋದಾಗ ನೀರು ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರಾ, ಅದರ ಖರ್ಚು ಯಾರದ್ದು ಅಂತ ಕೇಳಿ. ವಾಚ್‌ಮನ್‌ಗೂ ಇದನ್ನೇ ಕೇಳಿ. ಡಿಪಾಸಿಟ್ ಬೆಂಗಳೂರಿನಷ್ಟು ಭಾರ ಇಲ್ಲ, ಸಾಮಾನ್ಯವಾಗಿ 2–3 ತಿಂಗಳ ಬಾಡಿಗೆ.

ಈಗ ಅಗ್ರಿಮೆಂಟ್. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ಮನೆಯ ಮಾಲೀಕರು ನೋಟರಿ ಕಾಗದ ಸಾಕು ಅಂದರು, ನಾನೂ ಹೂಂ ಅಂದೆ. 11 ತಿಂಗಳ ನಂತರ ಬಿಡುವಾಗ ಬಣ್ಣದ ಖರ್ಚು ಅಂತ 12,000 ರೂಪಾಯಿ ಹಿಡಿದುಕೊಂಡರು. ಕಾಗದದಲ್ಲಿ ಬಣ್ಣದ ಮಾತೇ ಇರಲಿಲ್ಲ. ಜಗಳ ಆಡುವ ಧೈರ್ಯ ಆಗ ನನಗಿರಲಿಲ್ಲ.

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಬಾಡಿಗೆ ಕರಾರು ಬರಹದಲ್ಲೇ ಇರಬೇಕು, ನೋಂದಣಿಯೂ ಆಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದು. ನೋಂದಣಿ ಆಗದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ಸರಿ ಅಂತ ಕಾನೂನು ಹಿಡಿಯುತ್ತದೆ. ಅದು ಸುಳ್ಳು ಅಂತ ತೋರಿಸುವ ಕೆಲಸ ಮಾಲೀಕರ ಪಾಲಿಗೆ ಬೀಳುತ್ತದೆ. ಇದು ಆಗ ನನಗೆ ಗೊತ್ತಿದ್ದರೆ! ಈಗ ಎಲ್ಲ ಆನ್‌ಲೈನ್. ಏಜೆಂಟ್ ಮನೆಗೇ ಬಂದು ಆಧಾರ್ ಬೆರಳಚ್ಚು ತೆಗೆದುಕೊಂಡು ಹೋಗುತ್ತಾರೆ. ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆಯ ಮತ್ತು ಡಿಪಾಸಿಟ್ ಮೇಲಿನ ಬಡ್ಡಿಯ ಶೇ 0.25. ತಿಂಗಳಿಗೆ 15,000 ಬಾಡಿಗೆ, 50,000 ಡಿಪಾಸಿಟ್, 11 ತಿಂಗಳು ಅಂತಿಟ್ಟುಕೊಂಡರೆ ಸುಮಾರು 425 ರೂಪಾಯಿ. ನಗರದಲ್ಲಿ ನೋಂದಣಿ ಶುಲ್ಕ 1,000. ಏಜೆಂಟ್ ಕೂಲಿ ಬೇರೆ. ಬಣ್ಣ, ರಿಪೇರಿ, ಸೊಸೈಟಿ ಮೆಂಟೆನೆನ್ಸ್ ಯಾರದ್ದು ಅಂತ ಅದರಲ್ಲೇ ಬರೆಸಿ. ಮನೆಗೆ ಕಾಲಿಡುವ ದಿನ ಗೋಡೆ, ನಲ್ಲಿ, ಬಚ್ಚಲು ಎಲ್ಲದರ ವಿಡಿಯೊ ತೆಗೆದಿಡಿ. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಟ್ಟಿದ್ದಾರಾ ಅಂತಲೂ ಕೇಳಿ.

ಈ ಅಗ್ರಿಮೆಂಟ್ ಕೈಯಲ್ಲಿದ್ದರೆ ಗ್ಯಾಸ್, ಬ್ಯಾಂಕ್, ಆಧಾರ್ ವಿಳಾಸ ಎಲ್ಲದಕ್ಕೂ ದಾರಿ ಆಗುತ್ತದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರ್ಮ್ 8. ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಅವಸರ ಮಾಡಬೇಡಿ. 'ಒಂದು ದೇಶ ಒಂದು ರೇಷನ್ ಕಾರ್ಡ್' ಇರುವುದರಿಂದ ಕೇಂದ್ರದ ಪಾಲಿನ ಧಾನ್ಯವನ್ನು ಊರ ಕಾರ್ಡಿನ ಮೇಲೆಯೇ ಪುಣೆಯಲ್ಲೂ ಪಡೆಯಬಹುದು. ನಿಮ್ಮ ಪಾಲು ಇಲ್ಲಿ, ಅಪ್ಪ ಅವ್ವನ ಪಾಲು ಅಲ್ಲಿ.

ಐದನೇ ಹೆಜ್ಜೆ: ಮಾತು, ಮಂದಿ

ಮರಾಠಿಗೆ ಹೆದರಬೇಡಿ. ನಮ್ಮ ತುಪ್ಪ ಇಲ್ಲಿ ತೂಪ. ನಮ್ಮ ಕಡೆ ಖೋಲಿ ಅಂದರೆ ಇಲ್ಲಿಯೂ ಖೋಲಿ. ಕಾಕಾ, ಮಾವಶಿ ಎಲ್ಲ ನಮ್ಮ ಮನೆಯ ಮಾತೇ. ಒಂದು ಕಡೆ ಮಾತ್ರ ಕಾಲು ಎಡವುತ್ತದೆ: ಇಲ್ಲಿ ತಾಯಿ ಅಂದರೆ ಅಕ್ಕ. ಪಕ್ಕದ ಮನೆಯವರು ನನ್ನನ್ನು ತಾಯಿ ಅಂತ ಕರೆದಾಗ ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಮಹಾರಾಷ್ಟ್ರದ ಶಾಲೆಗಳಲ್ಲಿ, ಸಿಬಿಎಸ್‌ಇ ಇದ್ದರೂ, 2020ರ ಕಾನೂನಿನಂತೆ ಮರಾಠಿ ಕಲಿಸಲೇಬೇಕು. ಮಕ್ಕಳು ಬೇಗ ಹಿಡಿಯುತ್ತಾರೆ. ನನ್ನ ಮಗಳು 6 ತಿಂಗಳಲ್ಲಿ ನನಗೇ ಕಲಿಸತೊಡಗಿದಳು. ಮನೆಯೊಳಗೆ ಮಾತ್ರ ಕನ್ನಡ ಬಿಡಬೇಡಿ. ರಜೆಗೆ ಹೋದಾಗ ಅಜ್ಜಿಯ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು ಅವರು?

ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘ ಇದೆ, ಒಮ್ಮೆ ಹೋಗಿ ಬನ್ನಿ. ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಹೋಗಿ. ನಮ್ಮ ರೋಣದಲ್ಲಿ ಹುಟ್ಟಿ, 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ ಭೀಮಸೇನ ಜೋಶಿ, ಕುಂದಗೋಳದ ತಮ್ಮ ಗುರುವಿನ ಹೆಸರಿನಲ್ಲಿ 1953ರಲ್ಲಿ ಶುರು ಮಾಡಿದ್ದು ಅದು. ಅಲ್ಲಿ ಕೂತಾಗ ನನಗೆ ಪುಣೆ ಪರಊರು ಅನಿಸುವುದೇ ಇಲ್ಲ.

ಇನ್ನು, ಹೋಗುವುದು ಬರುವುದು

ರೈಲಿನ ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಗಣೇಶ ಚೌತಿ, ದೀಪಾವಳಿ ಎರಡಕ್ಕೂ ಇಡೀ ಪುಣೆಯೇ ಊರಿಗೆ ಹೊರಡುತ್ತದೆ. ಅದಕ್ಕೆ ಕ್ಯಾಲೆಂಡರಿನಲ್ಲಿ ಆ 60ನೇ ದಿನಕ್ಕೇ ಗುರುತು ಹಾಕಿಡಿ. ಹುಬ್ಬಳ್ಳಿ ಕಡೆಯವರಿಗೆ 2024ರ ಸೆಪ್ಟೆಂಬರಿನಿಂದ ಬೆಳಗಾವಿ, ಮಿರಜ್ ಮೇಲೆ ವಂದೇ ಭಾರತ್ ಇದೆ. ಶುರುವಾದಾಗ ವಾರಕ್ಕೆ 3 ದಿನ ಇತ್ತು, ದಿನ ನೋಡಿಕೊಂಡು ಹೊರಡಿ. ಕಲಬುರಗಿ, ರಾಯಚೂರು ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್. ರಾತ್ರಿ ಬಸ್ಸುಗಳೂ ಇವೆ.

ಫೋನಿಗೆ ಒಂದು ಹೊತ್ತು ಗೊತ್ತು ಮಾಡಿ. ನಮ್ಮದು ಸಂಜೆ 7, ಅವ್ವ ದೀಪ ಹಚ್ಚಿದ ಮೇಲೆ. "ಹೇಗಿದ್ದೀರಿ" ಅಂತ ಕೇಳಬೇಡಿ. "ಆರಾಮ" ಅನ್ನುತ್ತಾರೆ, ಜ್ವರ ಇದ್ದರೂ ಆರಾಮ. ಏನು ಅಡುಗೆ ಮಾಡಿದ್ರಿ ಅಂತ ಕೇಳಿ. ಯಾರು ಬಂದಿದ್ದರು, ಅಪ್ಪ ಹೊಲಕ್ಕೆ ಎಷ್ಟು ಹೊತ್ತಿಗೆ ಹೋದರು ಅಂತ ಕೇಳಿ. ಹೋದ ವರ್ಷ 3 ದಿನ ಸತತ ಅವ್ವ "ಅನ್ನ ಸಾರು ಅಷ್ಟ" ಅಂದಳು. ನಮ್ಮ ಮನೆಯಲ್ಲಿ ರೊಟ್ಟಿ ಇಲ್ಲದ ದಿನವೇ ಇಲ್ಲ. ಆ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟೆ. ಅವ್ವನ ಬಲ ಭುಜ ಮೇಲೇಳುತ್ತಿರಲಿಲ್ಲ, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿ, ವ್ಯಾಯಾಮ ಹೇಳಿಸಿಕೊಂಡು, ಕಪಾಟಿನ ಹಾಳೆಯಲ್ಲಿ ಅದನ್ನೂ ಬರೆದು ಬಂದೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಫೋನ್ ಎತ್ತಿದವಳೇ, ನಾನು ಕೇಳುವ ಮುಂಚೆಯೇ ಅಂದಳು: "ಇವತ್ತ ಬದನಿಕಾಯಿ ಎಣಗಾಯಿ. ನಾಲ್ಕು ರೊಟ್ಟಿ ಬಡಿದೀನಿ."