ಸುಡೋ ನಿಯಮ ಒಂದೇ, ಎರಡು ಎಲ್‌ಡ್ಯಾಪ್ ಸರ್ವರ್‌ಗಳ ಉತ್ತರ ಬೇರೆ ಬೇರೆ

ಅರ್ಧ ಲಿನಕ್ಸ್ ಮೆಷೀನ್‌ಗಳಲ್ಲಿ ಸುಡೋ (ಸಾಮಾನ್ಯ ಯೂಸರ್ ರೂಟ್, ಅಂದರೆ ಪೂರ್ಣ ಅಧಿಕಾರದ ಯೂಸರ್ ಆಗಿ ಕಮಾಂಡ್ ನಡೆಸುವ ಸೌಲಭ್ಯ) ನಡೆಯುತ್ತಿತ್ತು, ಇನ್ನರ್ಧದಲ್ಲಿ ಇಲ್ಲ. ಯೂಸರ್ ಅದೇ, ಗ್ರೂಪ್ ಅದೇ, ನಿಯಮವೂ ಅದೇ. ನಿಯಮಗಳನ್ನು ಇಟ್ಟಿದ್ದು ಎಲ್‌ಡ್ಯಾಪ್‌ನಲ್ಲಿ, ಅಂದರೆ ಯೂಸರ್, ಅನುಮತಿಗಳ ಮಾಹಿತಿ ಒಂದೇ ಕಡೆ ಇಡುವ ಡೈರೆಕ್ಟರಿಯಲ್ಲಿ. ನನಗೆ ಮೊದಲು ಅನುಮಾನ ಬಂದದ್ದು ಆ ನಿಯಮಗಳನ್ನು ತಂದು ಮೆಷೀನ್‌ನಲ್ಲೇ ಕ್ಯಾಶ್ ಮಾಡಿಡುವ ಎಸ್‌ಎಸ್‌ಎಸ್‌ಡಿ ಪ್ರೋಗ್ರಾಂ ಮೇಲೆ. ಕ್ಯಾಶ್ ಅಳಿಸಿ ರೀಸ್ಟಾರ್ಟ್ ಮಾಡಿದೆ, ನಿಯಮ ಎಲ್ಲಿ ಹುಡುಕಬೇಕೆಂದು ಹೇಳುವ, ಎನ್‌ಎಸ್‌ಸ್ವಿಚ್ ಫೈಲಿನ ಸುಡೋಯರ್ಸ್ ಸಾಲು ನೋಡಿದೆ. ಎಲ್ಲ ಸರಿಯಿತ್ತು. ಅರ್ಧ ದಿನ ಸುಮ್ನೆ ಹೋಯಿತು.

ಆಮೇಲೆ ಕೈಕೊಟ್ಟ ಮೆಷೀನ್‌ಗಳನ್ನೆಲ್ಲ ಬರೆದುಕೊಂಡೆ. ಎಲ್ಲವೂ ನಿಯಮ ಕೇಳುತ್ತಿದ್ದದ್ದು ಎರಡನೇ ಓಪನ್‌ಎಲ್‌ಡ್ಯಾಪ್ ಸರ್ವರ್‌ನಲ್ಲಿ, ಅಂದರೆ ಮೊದಲ ಸರ್ವರ್‌ನ ನಕಲಾದ ರೆಪ್ಲಿಕಾದಲ್ಲಿ. ಎರಡೂ ಕಡೆ ಕಾಂಟೆಕ್ಸ್ಟ್‌ಸಿಎಸ್‌ಎನ್ (ಸರ್ವರ್‌ಗೆ ತಲುಪಿದ ಕೊನೆಯ ಬದಲಾವಣೆಯ ಗುರುತು) ತೆಗೆದು ನೋಡಿದರೆ ರೆಪ್ಲಿಕಾ ಮೂರು ದಿನ ಹಿಂದೆಯೇ ನಿಂತುಬಿಟ್ಟಿತ್ತು. ಲಾಗ್ ತುಂಬ ಒಂದೇ ದೂರು: ಸುಡೋಆರ್ಡರ್, ಆಟ್ರಿಬ್ಯೂಟ್ ಟೈಪ್ ಅನ್‌ಡಿಫೈನ್ಡ್, ಅಂದರೆ ಆ ಹೆಸರಿನ ಆಟ್ರಿಬ್ಯೂಟ್ (ಎಂಟ್ರಿಯ ಗುಣ) ಗೊತ್ತಿಲ್ಲ. ಎರರ್ ಕೋಡ್ 17.

ಎಲ್‌ಡ್ಯಾಪ್‌ನಿಂದ ನಿಯಮಗಳು ಇಂಥದ್ದೇ ಕ್ರಮದಲ್ಲಿ ಬರುತ್ತವೆ ಅನ್ನುವಂತಿಲ್ಲ. ಎರಡು ನಿಯಮ ತಾಗಿದಾಗ ಸುಡೋಆರ್ಡರ್ ಸಂಖ್ಯೆ ಯಾವುದಕ್ಕೆ ದೊಡ್ಡದೋ ಅದು ಗೆಲ್ಲುತ್ತದೆ. ಮೂರು ದಿನದ ಹಿಂದೆ ನಾನು ಸೇರಿಸಿದ್ದು ಅದನ್ನೇ. ಆದರೆ ಅದು ಬಂದದ್ದು ಸುಡೋ 1.7.5ರಲ್ಲಿ, ರೆಪ್ಲಿಕಾದಲ್ಲಿ ಇದ್ದದ್ದು ಅದಕ್ಕಿಂತ ಹಳೆಯ ಸ್ಕೀಮಾ (ಯಾವ ಆಟ್ರಿಬ್ಯೂಟ್‌ಗಳು ಇರಬಹುದು ಎಂಬ ಪಟ್ಟಿ). ಓಪನ್‌ಎಲ್‌ಡ್ಯಾಪ್‌ನಲ್ಲಿ ಸ್ಕೀಮಾ ಇರುವುದು ಸಿಎನ್=ಕಾನ್ಫಿಗ್ ಒಳಗೆ, ಅಂದರೆ ಸರ್ವರ್‌ನ ಸ್ವಂತ ಸೆಟ್ಟಿಂಗ್‌ಗಳ ಜೊತೆ; ನಾವು ಡೇಟಾಗೆ ಮಾತ್ರ ಸಿಂಕ್‌ರೆಪ್ಲ್ (ನಕಲು ಮಾಡುವ ವ್ಯವಸ್ಥೆ) ಹಾಕಿದ್ದೆವು, ಹಾಗಾಗಿ ಸ್ಕೀಮಾ ತಾನಾಗಿ ಆಚೆ ಹೋಗಲೇ ಇಲ್ಲ.

ನನಗೆ ನಿಜಕ್ಕೂ ಭಯ ಆದದ್ದು ಬೇರೆ ವಿಷಯಕ್ಕೆ. ಆ ಒಂದು ಎಂಟ್ರಿ ಸಿಕ್ಕಿಹಾಕಿಕೊಂಡ ಮೇಲೆ ಅದರ ನಂತರದ ಬದಲಾವಣೆಗಳೂ ಸಾಲಾಗಿ ನಿಂತಿದ್ದವು. ಅದರಲ್ಲಿ ಕೆಲಸ ಬಿಟ್ಟ ಒಬ್ಬರ ಸುಡೋ ತೆಗೆದದ್ದೂ ಇತ್ತು. ರೆಪ್ಲಿಕಾದ ಲೆಕ್ಕದಲ್ಲಿ ಅವರಿನ್ನೂ ರೂಟ್ ಆಗಬಹುದಿತ್ತು! ಅನುಮತಿ ಸಿಗದಿದ್ದರೆ ಜನ ಫೋನ್ ಮಾಡುತ್ತಾರೆ, ತೆಗೆದ ಅನುಮತಿ ಉಳಿದುಕೊಂಡರೆ ಯಾರು ಹೇಳುತ್ತಾರೆ?

ಸರಿಮಾಡುವಾಗ ಆ ಸೆಟ್ಟಿಂಗ್‌ಗಳಿರುವ ಎಸ್‌ಲ್ಯಾಪ್‌ಡಿ.ಡಿ ಫೋಲ್ಡರಿನ ಫೈಲ್‌ಗಳನ್ನು ಕೈಯಿಂದ ತಿದ್ದಬೇಡಿ, ಎಲ್‌ಡ್ಯಾಪ್‌ಮಾಡಿಫೈ ಕಮಾಂಡ್ ಬಳಸಿ. ಮೊದಲು ಆಟ್ರಿಬ್ಯೂಟ್ ಸೇರಿಸಿದೆ, ಆಮೇಲೆ ಸುಡೋರೋಲ್ ಆಬ್ಜೆಕ್ಟ್‌ಕ್ಲಾಸ್ (ಸುಡೋ ನಿಯಮದ ಎಂಟ್ರಿಯಲ್ಲಿ ಯಾವ ಆಟ್ರಿಬ್ಯೂಟ್ ಬರಬಹುದೆಂಬ ವಿವರ) ಬದಲಿಸಿದೆ. ಹೊಸ ಕ್ಲಾಸಿನಲ್ಲಿ ಸುಡೋಆರ್ಡರ್ ಹೆಸರು ಬರುವುದರಿಂದ ಅದು ಮೊದಲೇ ಇರಬೇಕು. ಓಐಡಿಗಳನ್ನು (ಪ್ರತಿ ಆಟ್ರಿಬ್ಯೂಟ್, ಕ್ಲಾಸಿನ ಗುರುತು ಸಂಖ್ಯೆ) ಮೊದಲ ಸರ್ವರ್‌ನಲ್ಲಿ ಇದ್ದ ಹಾಗೇ ನಕಲು ಮಾಡಿದೆ. ಸ್ವಲ್ಪ ಹೊತ್ತಿಗೆ ಎರಡೂ ಸಿಎಸ್‌ಎನ್ ಒಂದಾದವು.

ಅಷ್ಟಕ್ಕೇ ಬಿಡಲಿಲ್ಲ. ಎಸ್‌ಎಸ್‌ಎಸ್‌ಡಿ ಡೀಫಾಲ್ಟ್ ಆಗಿ 15 ನಿಮಿಷಕ್ಕೊಮ್ಮೆ ಹೊಸ ನಿಯಮ ತರುತ್ತದೆ, ಪೂರ್ತಿ ಪಟ್ಟಿ ತರುವುದು 6 ಗಂಟೆಗೊಮ್ಮೆ. ಅದಕ್ಕೆ ಕಾಯದೆ ಎಲ್ಲ ಮೆಷೀನ್‌ಗಳಲ್ಲೂ ಕ್ಯಾಶ್ ತೆಗೆದು, ಆ ಹಳೆಯ ಯೂಸರ್ ಹೆಸರಲ್ಲಿ ಸುಡೋ -ಎಲ್ -ಯು (sudo -l -U, ಇಲ್ಲಿ U ದೊಡ್ಡಕ್ಷರ) ಹಾಕಿ ಒಂದೊಂದಾಗಿ ನೋಡಿದೆ. ಎಲ್ಲಿಯೂ ಅನುಮತಿ ಉಳಿದಿರಲಿಲ್ಲ.