ಕೇಸ್ ಶೀಟ್ ಓದುತ್ತಾ ಕಲಿತ ಕೆಲಸ

ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಸೇರಿದ ಮೊದಲ ಆರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಡಿಸ್ಚಾರ್ಜ್ ಆದವರ ಫೈಲ್ ತೆರೆದು, ಅದರಲ್ಲಿ ಏನು ಇಲ್ಲ ಅಂತ ಹುಡುಕುವುದು. ಒಪ್ಪಿಗೆ ಪತ್ರಕ್ಕೆ ಸಹಿ ಆಗಿದೆಯಾ? ಆಪರೇಷನ್ ನೋಟ್ಸ್ ಇದೆಯಾ? ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದ ಕಾಯಿಲೆಗೂ ಒಳಗಿನ ಲ್ಯಾಬ್ ರಿಪೋರ್ಟಿಗೂ ತಾಳೆಯಾಗುತ್ತಾ? ಆಗ ಬೇಜಾರಾಗಿತ್ತು, ನಿಜ. ಆದರೆ ಈ ಕೆಲಸಕ್ಕೆ ಬರುವವರು ಇಲ್ಲಿಂದಲೇ ಶುರು ಮಾಡಬೇಕು ಅಂತ ಈಗ ಅನ್ನಿಸುತ್ತದೆ. ಸಾವಿರಾರು ಕೇಸ್ ಶೀಟ್ ತಿರುವಿದ ಮೇಲೆ ಕಣ್ಣೇ ಹೇಳುತ್ತದೆ, ಈ ಫೈಲಿನಲ್ಲಿ ಏನೋ ಬಿಟ್ಟುಹೋಗಿದೆ ಅಂತ.

ಫೈಲ್ ಜೋಡಿಸುವುದಕ್ಕೂ ಒಂದು ಲೆಕ್ಕ ಇದೆ. ರೋಗಿಯ ನಂಬರ್ 48-27-63 ಅಂದುಕೊಳ್ಳಿ. ಮೊದಲು 63ರ ರ‍್ಯಾಕಿಗೆ ಹೋಗಬೇಕು, ಅಲ್ಲಿ 27, ಆಮೇಲೆ 48. ಹಿಂದಿನಿಂದ ಮುಂದಕ್ಕೆ ಓದುವುದು. ಹೀಗೆ ಮಾಡಿದರೆ ಹೊಸ ಫೈಲುಗಳು 00ಯಿಂದ 99ರವರೆಗಿನ ನೂರು ಭಾಗಗಳಿಗೂ ಸಮನಾಗಿ ಹಂಚಿಹೋಗುತ್ತವೆ. ಕೊನೆಯ ರ‍್ಯಾಕ್ ಒಂದೇ ತುಂಬಿ ತುಳುಕುವುದಿಲ್ಲ.

ಆಮೇಲೆ ಕೋಡಿಂಗ್, ಅಂದರೆ ಫೈಲಿನಲ್ಲಿರುವ ಪ್ರತಿ ಕಾಯಿಲೆಗೂ ಅದಕ್ಕೆ ಗೊತ್ತುಮಾಡಿದ ಸಂಕೇತ ಬರೆಯುವುದು. ನಾನು ಕಲಿತದ್ದು ಐಸಿಡಿ-10, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ. ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ ಇ11, ಕಾರಣ ತಿಳಿಯದ ಅಧಿಕ ರಕ್ತದೊತ್ತಡಕ್ಕೆ ಐ10, ಹೀಗೆ. ಮೂರನೇ ಸಂಪುಟದಲ್ಲಿ ಅಕಾರಾದಿ ಪಟ್ಟಿ ಇರುತ್ತದೆ. ಅಲ್ಲಿ ಸಿಕ್ಕ ಕೋಡನ್ನು ಹಾಗೇ ಬರೆದುಬಿಡುತ್ತಿದ್ದೆ. ನನ್ನ ಹಿರಿಯರು ಫೈಲ್ ವಾಪಸ್ ಕಳಿಸುತ್ತಿದ್ದರು. ಮೊದಲನೇ ಸಂಪುಟಕ್ಕೆ ಹೋಗಿ, ಆ ಕೋಡಿನ ಕೆಳಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಅಂತ ಓದಿದ ಮೇಲೇ ಬರೆಯಬೇಕು ಅನ್ನುತ್ತಿದ್ದರು. ಈಗಲೂ ನಾನು ಹಾಗೇ ಮಾಡುತ್ತೇನೆ.

ಈ ಕೆಲಸದಲ್ಲಿ ನನಗೆ ತುಂಬಾ ಕಷ್ಟವಾಗಿದ್ದು ಡಾಕ್ಟರನ್ನು ಪ್ರಶ್ನೆ ಕೇಳುವುದು. ಒಂದು ಫೈಲಿನಲ್ಲಿ ಬರೀ ‘ಸಕ್ಕರೆ ಕಾಯಿಲೆ’ ಅಂತ ಇತ್ತು. ಒಳಗೆ ನೋಡಿದರೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದಲ್ಲಿನ ತ್ಯಾಜ್ಯ) ಜಾಸ್ತಿ, ಮೂತ್ರದಲ್ಲಿ ಪ್ರೋಟೀನ್. ಸಕ್ಕರೆಯಿಂದ ಕಿಡ್ನಿಗೆ ಪೆಟ್ಟಾಗಿದ್ದರೆ ಕೋಡ್ ಇ11.2. ತೊಂದರೆ ಏನೂ ಇಲ್ಲದಿದ್ದರೆ ಇ11.9. ರಿಪೋರ್ಟ್ ನೋಡಿ ನಾನೇ ತೀರ್ಮಾನ ಮಾಡುವ ಹಾಗಿಲ್ಲ. ‘ಇದು ಸಕ್ಕರೆಯಿಂದ ಬಂದ ಕಿಡ್ನಿ ಕಾಯಿಲೆ ತಾನೆ ಸರ್?’ ಅಂತ ಕೇಳುವುದೂ ತಪ್ಪು. ಹಾಗೆ ಕೇಳಿದರೆ ಉತ್ತರವನ್ನು ನಾವೇ ಅವರ ಬಾಯಿಗೆ ಹಾಕಿದಂತೆ. ಇಂತಿಂಥ ತಾರೀಖಿನ ರಿಪೋರ್ಟಿನಲ್ಲಿ ಹೀಗಿದೆ, ಇದಕ್ಕೆ ಸಂಬಂಧಪಟ್ಟ ರೋಗನಿರ್ಣಯ ಇದ್ದರೆ ದಯವಿಟ್ಟು ಬರೆಯಿರಿ, ಅಂತ ಕೇಳಬೇಕು. ಇಷ್ಟು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಸಾವಿನ ಕಾರಣದ ಪತ್ರಗಳಲ್ಲೂ ಇದೇ ಕಥೆ. ‘ಹೃದಯ ನಿಂತಿತು’ ಅಂತ ಬರೆದಿರುತ್ತದೆ. ಯಾರೇ ಸತ್ತರೂ ಹೃದಯ ನಿಂತೇ ನಿಲ್ಲುತ್ತದೆ, ಅಲ್ವಾ? ಅಜ್ಜಿಯೊಬ್ಬರು ಜಾರಿ ಬಿದ್ದು ತೊಡೆಮೂಳೆ ಮುರಿಯಿತು, ಹಾಸಿಗೆ ಹಿಡಿದರು, ನ್ಯುಮೋನಿಯಾ ಆಯಿತು, ತೀರಿಕೊಂಡರು. ನ್ಯುಮೋನಿಯಾ ಅಂತಷ್ಟೇ ಬರೆದರೆ ಆ ಬಿದ್ದದ್ದು ಲೆಕ್ಕದಿಂದಲೇ ಮಾಯ. ವಯಸ್ಸಾದವರು ಬೀಳದಂತೆ ಏನು ಮಾಡಬೇಕು ಅಂತ ಯೋಚಿಸುವವರಿಗೆ ಆ ಸಾವು ಕಾಣುವುದೇ ಇಲ್ಲ. ಅದಕ್ಕೇ ಪತ್ರದಲ್ಲಿ ಕಾರಣಗಳನ್ನು ಒಂದರ ಕೆಳಗೊಂದು, ಮೂಲದವರೆಗೆ ಬರೆಯಲು ಸಾಲುಗಳಿರುವುದು.

ಒಂದು ಘಟನೆ ನಾನು ಮರೆಯುವುದಿಲ್ಲ. ಒಬ್ಬ ರೋಗಿಗೆ ಎರಡು ನಂಬರ್ ಆಗಿತ್ತು. ಎರಡನೇ ಸಲ ಬಂದಾಗ ಹೆಸರಿನ ಸ್ಪೆಲಿಂಗ್ ಬೇರೆ ಹಾಕಿದ್ದರು, ಹಾಗಾಗಿ ಹೊಸ ಫೈಲ್. ಪೆನಿಸಿಲಿನ್ ಅಲರ್ಜಿ ಅಂತ ಕೆಂಪು ಅಕ್ಷರದಲ್ಲಿ ಬರೆದದ್ದು ಹಳೆಯ ಫೈಲಿನಲ್ಲಿ. ಡಬಲ್ ನಂಬರ್ ಹುಡುಕುವ ಪಟ್ಟಿಯಲ್ಲಿ ಹುಟ್ಟಿದ ದಿನ ಮತ್ತು ತಾಯಿಯ ಹೆಸರು ಹೊಂದಿದ್ದು ನೋಡಿ ವಾರ್ಡಿಗೆ ಓಡಿದೆ. ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನದಿಂದ ನೋಂದಣಿ ಕೌಂಟರಿನವರ ಜೊತೆ ಕೂತು, ಹೆಸರು ಒಂದನ್ನೇ ನಂಬದೆ ಹುಡುಕುವುದು ಹೇಗೆ ಅಂತ ತೋರಿಸಿಕೊಟ್ಟೆ. ನಾನು ಡೇಟಾ ಗುಣಮಟ್ಟದ ಕಡೆ ಹೊರಳಿದ್ದು ಹೀಗೆ.

ಜೊತೆಗಿದ್ದವರು ಬೇರೆ ಬೇರೆ ಕಡೆ ಹೋದರು. ಒಬ್ಬರು ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುವ ಕ್ಯಾನ್ಸರ್ ರಿಜಿಸ್ಟ್ರಿಗೆ, ಒಬ್ಬರು ಕೋಡಿಂಗ್ ಆಡಿಟ್‌ಗೆ. ಇನ್ನೊಬ್ಬರು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ರೋಗಿಯ ಮಾಹಿತಿ ಕಳಿಸುವ ಎಚ್‌ಎಲ್7 ಕೆಲಸಕ್ಕೆ. ಕಂಪ್ಯೂಟರ್ ಗೊತ್ತಿದ್ದರೆ ಸಾಕಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಅಂಗರಚನೆ ಓದಿ, ಔಷಧಗಳ ಹೆಸರು ಓದಿ. ‘ಐಟಿಸ್’ ಅಂದರೆ ಉರಿಯೂತ, ‘ಎಕ್ಟಮಿ’ ಅಂದರೆ ಕತ್ತರಿಸಿ ತೆಗೆಯುವುದು. ಇಂಥ ತುಣುಕುಗಳು ಗೊತ್ತಿದ್ದರೆ ಅರ್ಧ ಕೇಸ್ ಶೀಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಕೂಡಿಟ್ಟ ಮಾಹಿತಿಯಿಂದ ಬೇಕಾದ್ದನ್ನು ತೆಗೆಯುವ ಭಾಷೆ ಎಸ್‌ಕ್ಯೂಎಲ್ ಆಮೇಲೆ ಕಲಿಯಬಹುದು, ನಾನೂ ಆಮೇಲೇ ಕಲಿತೆ.

ಈಗ ಐಸಿಡಿ-10ರ ನಂತರದ ಆವೃತ್ತಿ ಐಸಿಡಿ-11 ಕಲಿಯುತ್ತಿದ್ದೇನೆ. ಅದು 2022ರ ಜನವರಿ 1ರಂದು ಜಾರಿಗೆ ಬಂತು. ಅದರಲ್ಲಿ ಮುಖ್ಯ ಕೋಡಿಗೆ ಇನ್ನೊಂದು ಕೋಡ್ ಜೋಡಿಸಿ, ದೇಹದ ಎಡವೋ ಬಲವೋ, ಕಾಯಿಲೆ ಎಷ್ಟು ಜೋರು ಅಂತಲೂ ಹೇಳಬಹುದು. ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಹಳೆಯ ಫೈಲೊಂದನ್ನು ತೆಗೆದು ಎರಡೂ ಪದ್ಧತಿಯಲ್ಲಿ ಕೋಡ್ ಮಾಡಿ ನೋಡುತ್ತೇನೆ. ಕೆಲವು ಫೈಲಿಗೆ ಹತ್ತು ನಿಮಿಷ ಸಾಕು. ಕೆಲವಕ್ಕೆ ಒಂದು ಗಂಟೆಯೂ ಸಾಲುವುದಿಲ್ಲ.